ಅರಿಸಿನದ ದಾರ

ಉಮರ್ಗಾದ ಬಜಾರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿ ಕಡಿಮೆ. ಬಂಗಾರದಂಗಡಿಯಲ್ಲಿ ಕೆಲಸಕ್ಕಿದ್ದ ಸುಮಂಗಲಾ ಆಗ ಗಾಜಿನ ಮೇಜಿನ ಹಿಂದೆ ಕೂತು ಒಂದೊಂದೇ ಉಂಗುರ ಹಾಕಿಕೊಂಡು ನೋಡುತ್ತಿದ್ದಳು. ಮಾಲೀಕರು ಬೈಯುತ್ತಿರಲಿಲ್ಲ, ತೋರಿಸುವವಳ ಬೆರಳೇ ಬರಿದಾಗಿದ್ದರೆ ಮಾಲು ಹೋಗುವುದು ಹೇಗೆ? ಈ ವರ್ಷ ಓವಲ್ ಒಂಟಿ ಹರಳಿಗೆ ಎಲ್ಲಿಲ್ಲದ ಬೇಡಿಕೆ. ಗುಲಾಬಿ ಛಾಯೆಯ ಬಂಗಾರ, ಬಳ್ಳಿ ಹೆಣೆದ ಉಂಗುರ, ಲ್ಯಾಬಿನಲ್ಲಿ ಬೆಳೆಸಿದ ವಜ್ರ, ಎಲ್ಲದರ ಚಿತ್ರವನ್ನೂ ಹುಡುಗಿಯರು ಮೊಬೈಲಿನಲ್ಲಿ ಹಿಡಿದುಕೊಂಡೇ ಬರುತ್ತಿದ್ದರು. ಸುಮಂಗಲಾಗೆ ಮಾತ್ರ ಹರಳಿಲ್ಲದ ಒಂದು ತೆಳು ಉಂಗುರದ ಮೇಲೆ ಮನಸ್ಸು. ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿದರೆ ಹೆದ್ದಾರಿಯ ಬಸ್ಸುಗಳ ಸದ್ದೆಲ್ಲ ದೂರ ಸರಿದು, ಹತ್ತಿರದ ಮುರುಮ ಊರಿನ ಋಷಿಕೇಶ ಚಹಾದ ಕಪ್ಪು ಹಿಡಿದು ಕೂತದ್ದು ಕಾಣುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಅವಳು ಅವನ ಮುಖಕ್ಕಿಂತ ಬೆರಳುಗಳನ್ನೇ ಹೆಚ್ಚು ನೋಡಿದ್ದಳು. ನೀಳವಾದ, ಸಣ್ಣ ಬೆರಳು. ಕೆಲಸದ ಚಟ, ಏನು ಮಾಡುವುದು.

ಮುರುಮದವರು ದೇವರಂಥವರು ಎಂದು ಅಪ್ಪ ಕಾಶೆಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ವರದಕ್ಷಿಣೆ ಬೇಡ ಅಂದಿದ್ದರಲ್ಲ! ಋಷಿಕೇಶನ ತಾಯಿ ಶೇವಂತಾಬಾಯಿ, “ನಮಗೇನೂ ಬ್ಯಾಡ್ರಿ. ಸಾಖರಪುಡ್ಯಾಗ ಹುಡುಗಗ ಒಂದು ಉಂಗುರ ಹಾಕ್ರಿ, ಸಾಕು,” ಎಂದು ನಿಶ್ಚಿತಾರ್ಥದ ಮಾತು ಮುಗಿಸಿದ್ದಳು.

ಆ ಒಂದು ಉಂಗುರ ಎಷ್ಟು ವೇಷ ಹಾಕಿತು ನೋಡಿ. ಮೊದಲು ಸಾದಾ ಅಂದರು. ವಾರ ಬಿಟ್ಟು ಫೋನಿಗೆ ಅಗಲ ಪಟ್ಟಿಯ ಚಿತ್ರ ಬಂತು. ಆಮೇಲೆ ಅಗಲ ಪಟ್ಟಿ, ನಡುವೆ ವಜ್ರ, ಸುತ್ತ ಸಣ್ಣ ಹರಳು. ಕೆಳಗೆ “ಈಗ ಇದೇ ಫ್ಯಾಶನ್ ಅದರೀ” ಎಂಬ ಬರಹ. ಕೊನೆಗೆ ಅಳತೆಯ ದಾರ ಬಂತು, ಅರಿಸಿನ ಹಚ್ಚಿ ಗಂಟು ಹಾಕಿದ್ದು. ನಿಶ್ಚಯಕ್ಕೆ ಮೊದಲು ಗಂಡಿನ ಬೆರಳನ್ನು ಹೆಣ್ಣಿನವರು ಮುಟ್ಟಿ ಅಳೆಯಬಾರದು, ದಾರ ಬಂದಂತೆ ಉಂಗುರ ಮಾಡಿಸಬೇಕು. ಎರಡೂ ಮನೆಯವರ ಮಂದಿಯಲ್ಲಿ ಅದು ಪದ್ಧತಿ.

ಸುಮಂಗಲಾ ದಾರವನ್ನು ಅಂಗಡಿಯ ಅಳತೆಗೋಲಿಗೆ ಹಾಕಿ ನೋಡಿದಳು. ಅದು ದಪ್ಪ ಬೆರಳಿನ ಅಳತೆ.

“ಅಪ್ಪಾ, ಈ ದಾರ ಅವರ ಬೆರಳಿಂದಲ್ಲ.”

“ಗಂಡಿನವರ ದಾರ ತಿರಗಿ ಅಳಿಬಾರದವ್ವಾ,” ಅಂದ ಕಾಶೆಪ್ಪ. “ಅಪಶಕುನ.”

“ಉಂಗುರ ತಪ್ಪಿದ್ರ ಅಪಶಕುನ ಅಲ್ಲೇನು?”

“ನಿನ್ನ ಅಂಗಡಿ ಶಾಣ್ಯಾತನ ಮನ್ಯಾಗ ತರಬ್ಯಾಡ. ಹಿರೇರು ನಡಿಸಿಕೊಂಡು ಬಂದಾರ, ನಾವೂ ನಡಿಸೋದು.”

ಮರುದಿನ ತಾಯಿ ವಿಮಲಾಬಾಯಿಯ ಕೊರಳಲ್ಲಿ ಶಿವದಾರ, ಕರಿಮಣಿ ಎರಡೇ ಉಳಿದಿದ್ದವು. ತವರಿನಿಂದ ಬಂದ ಬೋರಮಾಳ ಇರಲಿಲ್ಲ. ಆ ಸರದ ಬಂಗಾರದ ಗುಂಡುಗಳನ್ನು ಬೆರಳಲ್ಲಿ ಉರುಳಿಸುತ್ತ ಸುಮಂಗಲಾ ಚಿಕ್ಕಂದಿನಲ್ಲಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಅದನ್ನು ಉಂಗುರಕ್ಕೆಂದು ಕರಗಿಸಲು ಅಂಗಡಿಗೆ ಒಯ್ದವಳೂ ಸುಮಂಗಲಾಳೇ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಕನಸು ಅಷ್ಟು ಸವಿಯಾಗಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ; ಇಲ್ಲಿ ಮೂಗು ಮಾರಿಯೇ ಮೂಗುತಿ ತಂದರು.

ನಿಶ್ಚಿತಾರ್ಥದ ದಿನ ಕಾಶೆಪ್ಪನ ಪಡಸಾಲೆ ಮಂದಿಯಿಂದ ತುಂಬಿತ್ತು. ಸುಮಂಗಲಾ ಋಷಿಕೇಶನ ಬೆರಳಿಗೆ ಉಂಗುರ ತೊಡಿಸಿದಳು. ಅವನು ಕೈ ಇಳಿಸಿದ್ದೇ ತಡ, ಅದು ಜಾರಿ ಜಮಖಾನದ ಮೇಲೆ ಉರುಳುತ್ತ ಹೋಗಿ ಅವನ ಅಕ್ಕ ಕಾಜಲಳ ಮೊಣಕಾಲಿಗೆ ತಾಗಿ ನಿಂತಿತು. ಮದುವೆಯಾದ ಈ ಕಾಜಲ ಎಂಟು ತಿಂಗಳಿಂದ ತವರಿನಲ್ಲೇ ಇದ್ದಳು. ತಬ್ಯೇತಿಗೆ ಆರಾಮಿಲ್ಲ ಎಂದು ಮನೆಯವರು ಹೇಳುತ್ತಿದ್ದರು.

“ಇರ್ಲಿ ಬಿಡ್ರಿ, ಆಮ್ಯಾಲ ಸಣ್ಣದು ಮಾಡಿಸ್ತೀವಿ. ತಾ ಇಲ್ಲಿ,” ಎಂದು ಶೇವಂತಾಬಾಯಿ ಮಗಳತ್ತ ಕೈ ಚಾಚಿದಳು.

ಕಾಜಲ ಉಂಗುರ ಎತ್ತಿಕೊಂಡಳು, ಕೊಡಲಿಲ್ಲ. “ಯಾಕ ಸುಳ್ಳು ಹೇಳ್ತಿ ಅವ್ವಾ? ಇದು ನನ್ನ ಗಂಡನ ಬೆರಳಿನ ಅಳತಿ. ಈ ನಮೂನಿ ಉಂಗುರ ತರೋತನಕ ಬರಬ್ಯಾಡಂತ ನನ್ನ ಕೈಯಾಗ ದಾರ ಕೊಟ್ಟು ಕಳಿಸ್ಯಾರ. ಅದನ್ನೇ ನೀ ಇವರಿಗಿ ಕೊಟ್ಟಿ.”

“ಮತ್ತೇನು ಮಾಡ್ಲಿ?” ಎಂದಳು ಶೇವಂತಾಬಾಯಿ. “ಮಗಳ ಸಂಸಾರ ಉಳೀಬೇಕಲ್ಲ. ಎಲ್ಲಾರೂ ಹಿಂಗೇ ಮಾಡ್ತಾರ.”

“ನಿಮಗ ಗೊತ್ತಿತ್ತೇನ್ರಿ?” ಸುಮಂಗಲಾ ಋಷಿಕೇಶನನ್ನು ಕೇಳಿದಳು. ಅವನು ತಲೆ ತಗ್ಗಿಸಿದ. ಎಷ್ಟೋ ಮಧ್ಯಾಹ್ನ ಅವಳು ಕನಸಿನಲ್ಲಿ ಹಿಡಿದಿದ್ದ ಆ ಬೆರಳುಗಳು ಪಂಚೆಯ ಅಂಚನ್ನು ಮಡಚುತ್ತಿದ್ದವು.

ಸುಮಂಗಲಾ ಕಾಜಲಳ ಕೈಯಿಂದ ಉಂಗುರ ತೆಗೆದುಕೊಂಡು ಅವಳ ಮುಂದೆಯೇ ಕೂತಳು. “ಅಕ್ಕಾ, ಇದು ಕೊಟ್ರ ನೀವು ಹೋಗ್ತೀರಿ. ಮುಂದಿನ ವರ್ಷ ಮತ್ತೊಂದು ಫ್ಯಾಶನ್ ಬರ್ತದ, ಮತ್ತ ನಿಮ್ಮನ್ನ ಕಳಿಸ್ತಾರ. ಆವಾಗ ನಿಮ್ಮ ಅವ್ವ ಈ ದಾರ ನನ್ನ ಕೈಯಾಗ ಕೊಟ್ಟು ನಮ್ಮ ಅಪ್ಪನ ಮನಿಗಿ ಕಳಿಸ್ತಾರ. ನಾ ಹೋದ ಮ್ಯಾಲ ನಮ್ಮ ಅಪ್ಪ ಅದನ್ನ ಯಾರ ಮನಿಗಿ ಕಳಿಸೋದು?”

“ಸುಮ್ಮಕಿರು ಸುಮಂಗಲಾ, ಮಂದಿ ಕುಂತಾರ,” ಅಂದ ಕಾಶೆಪ್ಪ.

“ಮಂದಿ ಕುಂತಾಗೇ ಹೇಳಬೇಕಪ್ಪಾ. ಈ ಲಗ್ನ ನನಗ ಬ್ಯಾಡ.”

ಅವಳು ಎದ್ದು ಹೋಗಿ ಉಂಗುರವನ್ನು ತಾಯಿಯ ಅಂಗೈಯಲ್ಲಿಟ್ಟಳು. “ಅವ್ವಾ, ನಿನ್ನ ಬೋರಮಾಳ.” ವಿಮಲಾಬಾಯಿ ಗಂಡನ ಮುಖ ನೋಡಲಿಲ್ಲ. ಮುಷ್ಟಿ ಮುಚ್ಚಿಕೊಂಡಳು.

ಶೇವಂತಾಬಾಯಿ ಸೆರಗು ಸರಿಪಡಿಸಿಕೊಂಡು, “ನಡಿ ಕಾಜಲ,” ಅಂದಳು. ಕಾಜಲ ಉಂಗುರದ ಜೊತೆ ತಾಟಿನಲ್ಲಿಟ್ಟಿದ್ದ ಅರಿಸಿನದ ದಾರವನ್ನು ಎತ್ತಿಕೊಂಡಳು. ಹಲ್ಲಿನಿಂದ ಕಡಿದು ಎರಡು ತುಂಡು ಮಾಡಿದಳು.

“ಮುರುಮಕ್ಕ ಬರ್ತೀನವ್ವಾ,” ಅಂದಳು. “ಗಂಡನ ಮನಿಗಿ ಹೋಗಂಗಿಲ್ಲ.”