ಮಾನೇಸರಿನ ರಾಣಿಗೆ ಪೀತಮ್‌ಪುರದ ವರ

ಸರಳಾಳ ಬಿ.ಪಿ. ಮಾತ್ರೆ ಮುಗಿದು ವಾರವಾದರೂ ಗಂಡ ಕೇಶವಮೂರ್ತಿಗೆ ಗೊತ್ತಾಗುತ್ತಿರಲಿಲ್ಲ. ದೆಹಲಿಯ ಪೀತಮ್‌ಪುರದ ತಮ್ಮ ಮನೆಯ ಟೆರೇಸಿನ ಮೇಲೆ ಪಾರಿವಾಳವೊಂದು ಸೀನಿದರೆ ಮಾತ್ರ ಆಟೋ ಹಿಡಿದು ಪಶುವೈದ್ಯರ ಹತ್ತಿರ ಓಡುತ್ತಿದ್ದರು. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದ ಮೇಲೆ, ರೇಸಿನ ಪಾರಿವಾಳಗಳಲ್ಲಿ ಯಾವ ಗಂಡಿಗೆ ಯಾವ ಹೆಣ್ಣು ಎಂದು ಲೆಕ್ಕ ಹಾಕುವುದೇ ಅವರ ಸಂಧ್ಯಾವಂದನೆ.

ಅವರ ಹೆಮ್ಮೆಯೆಂದರೆ ಹಾಲು ಬೆರೆಸಿದ ನೇರಳೆ ಬಣ್ಣದ ಒಂದು ಗಂಡು ಹಕ್ಕಿ. ಅಂಥ ಬಣ್ಣ ಇಡೀ ದೆಹಲಿಯಲ್ಲೇ ಇಲ್ಲವೆಂದು ಅವರ ವಾದ. ಹಾರಾಟದಲ್ಲಿ ಮಾತ್ರ ಅದು ಸರ್ಕಾರಿ ಫೈಲಿನ ತಮ್ಮ, ಹೊರಟದ್ದು ಗೊತ್ತು, ತಲುಪುವುದು ದೇವರಿಗೇ ಗೊತ್ತು. ಅದರ ವಂಶಕ್ಕೆ ವೇಗವೂ ಬರಬೇಕೆಂದರೆ ರಾಣಿಯೇ ತಾಯಿಯಾಗಬೇಕು. ರಾಣಿ ಎಂದರೆ ಪಾರಿವಾಳ ಕ್ಲಬ್ಬಿನ ಅಧ್ಯಕ್ಷ, ಮಾನೇಸರಿನ ಕಾರ್ಖಾನೆ ಮಾಲೀಕ ರಣಬೀರ್ ಚೌಧರಿಯ ಹೆಣ್ಣು ಹಕ್ಕಿ. ಎಲ್ಲಿ ಬಿಟ್ಟರೂ ನೇರ ಮಾನೇಸರಿನ ಗೂಡಿಗೆ ಮರಳಿ ರೇಸಿನ ಕಪ್ ಗೆದ್ದವಳು. ತಿಂಗಳುಗಟ್ಟಲೆ ಹಲ್ಲುಗಿಂಜಿದ ಮೇಲೆ ಚೌಧರಿ ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು ಸಂಬಂಧ ನೋಡಲು ಬಂದ.

"ವರನ ಕುಲ ಎಂಥದ್ದು ಮೂರ್ತಿಜಿ?"

"ಅವನಪ್ಪ ಸೋದರಮಾವ, ಅಮ್ಮ ಅಕ್ಕನ ಮಗಳು. ಈ ಬಣ್ಣ ರಕ್ತದಲ್ಲಿ ಅಡಗಿ ಕೂತಿರುತ್ತೆ ಚೌಧರಿಜಿ. ಹತ್ತಿರದ ಸಂಬಂಧದಲ್ಲಿ ಕೂಡಿಸಿದ್ರೇನೇ ಹೊರಗೆ ಬರೋದು."

"ವಾಹ್! ಇದು ನೋಡಿ ಅಸಲಿ ಖಾನ್‌ದಾನ್!"

ಕಾಫಿ, ಚಕ್ಕುಲಿ ತಂದ ಸರಳಾ ಬಾಗಿಲಲ್ಲೇ ನಿಂತಳು. ಅವಳು ಕೇಶವಮೂರ್ತಿಯ ಸ್ವಂತ ಅಕ್ಕನ ಮಗಳು. ಮನೆಯ ಹೆಣ್ಣು ಮನೆಯಲ್ಲೇ ಉಳಿಯಿತೆಂದು ಊರೆಲ್ಲ ಹರಸಿದ ಮದುವೆ. ಆದರೆ ದೆಹಲಿಯಲ್ಲಿ ತಾಯಿಯ ತಮ್ಮನೆಂದರೆ ತಂದೆಯ ಸಮಾನ. ಅದು ತಿಳಿದ ದಿನವೇ ಗಂಡ ಆ ಮಾತಿಗೆ ಬೀಗ ಹಾಕಿದ್ದರು. ಸರಳಾಳನ್ನು ಸಾಕಿದ ಅಜ್ಜಿ ತೀರಿಕೊಂಡಾಗ ನೆರೆಯವರು 'ಅತ್ತೆ ಹೋದರಂತೆ' ಎಂದು ಸಮಾಧಾನ ಹೇಳಿದ್ದರು. ಅವಳು ಸೊಸೆಯ ಅಳತೆಯಲ್ಲೇ ಅತ್ತಿದ್ದಳು. ಆ ಸಂಕಟ ಇನ್ನೂ ಇಳಿದಿರಲಿಲ್ಲ. ಈಗ ಅದೇ ಸಂಬಂಧವನ್ನು ಹಾಡಿ ಹೊಗಳುತ್ತಿದ್ದಾರೆ! ಅವಳಿಗೆ ಎದೆ ಹಗುರಾಯಿತು.

"ಭಾಭೀಜಿ, ನಿಮ್ಮ ತವರು ಯಾವುದು?" ಚೌಧರಿ ಚಕ್ಕುಲಿ ಮುರಿಯುತ್ತ ಕೇಳಿದ.

"ನನ್ನದೂ ಇದೇ ಖಾನ್‌ದಾನ್," ಎಂದಳು ಸರಳಾ. "ಇವರು ನಮ್ಮಮ್ಮನ ಒಡಹುಟ್ಟಿದ ತಮ್ಮ. ನಿಮ್ಮ ವರನ ಅಪ್ಪ ಅಮ್ಮನ ಹಾಗೇ."

ಚಕ್ಕುಲಿ ಚೌಧರಿಯ ಬಾಯಲ್ಲೇ ನಿಂತಿತು. "ರಾಮ್ ರಾಮ್! ಸ್ವಂತ ಮಾಮಾ?" ಕೈ ಬುಟ್ಟಿಯತ್ತ ಹೋಯಿತು.

"ಈಗ ತಾನೇ ವಾಹ್ ಅಂದ್ರಲ್ಲ?" ಎಂದಳು ಅವಳು.

"ಅವು ಹಕ್ಕಿಗಳು ಭಾಭೀಜಿ. ನಾನು ನಾಲ್ಕು ಜನರ ನಡುವೆ ಬಾಳೋನು. ಇಂಥ ಮನೇಲಿ ನನ್ನ ರಾಣೀನ ಹೇಗೆ ಬಿಡ್ಲಿ?"

ಸರಳಾ ಗಂಡನ ಮುಖ ನೋಡಿದಳು. ಗಂಡ ಬುಟ್ಟಿ ನೋಡಿದರು.

"ಅಯ್ಯೋ ಚೌಧರಿಜಿ, ತಮಾಷೆ ಮಾಡ್ತಿದ್ದಾಳೆ!" ಕೇಶವಮೂರ್ತಿ ಬಿದ್ದು ಬಿದ್ದು ನಕ್ಕರು. "ಮೊದಲಿಂದ ಇವಳಿಗೆ ಇದೊಂದು ಚಟ. ನಾವು ಯಾರೋ, ಇವಳು ಯಾರೋ!"

ಚೌಧರಿಯ ಜೀವಕ್ಕೆ ಸಮಾಧಾನವಾಯಿತು. ರಾಣಿಯನ್ನು ಬುಟ್ಟಿಸಮೇತ ಅಲ್ಲೇ ಬಿಟ್ಟು, ದಾರಿಗೆಂದು ಚಕ್ಕುಲಿ ಕಟ್ಟಿಸಿಕೊಂಡ. ಕೇಶವಮೂರ್ತಿ ಅವನ ಕಾರಿನ ಬಾಗಿಲು ತೆರೆಯಲು ಹಿಂದೆಯೇ ಇಳಿದರು.

ಸರಳಾ ಬುಟ್ಟಿಯನ್ನು ಟೆರೇಸಿಗೊಯ್ದು ಮುಚ್ಚಳ ತೆಗೆದಳು. ರಾಣಿ ನೀರಿನ ಟ್ಯಾಂಕಿನ ಮೇಲೆ ಒಂದು ಸುತ್ತು ಹಾಕಿ, ಮಾನೇಸರಿನ ದಿಕ್ಕು ಹಿಡಿದಳು.

ಕೇಶವಮೂರ್ತಿ ಏದುಸಿರು ಬಿಡುತ್ತ ಮೇಲೆ ಬಂದರು. "ರಾಣಿ ಎಲ್ಲಿ?"

"ತವರಿಗೆ ಹೋದ್ಲು."

"ಮನೆಹಾಳಿ! ಅವನ ಕಾರು ಜಾಮ್ ದಾಟೋದ್ರೊಳಗೆ ಅದು ಗೂಡಲ್ಲಿರುತ್ತೆ. ಫೋನ್ ಮಾಡಿದ್ರೆ ನಾನೇನು ಹೇಳ್ಲಿ?"

"ನಾವು ಯಾರೋ, ಅವಳು ಯಾರೋ ಅನ್ನಿ," ಎಂದಳು ಸರಳಾ. "ನಿಮಗೆ ಅಭ್ಯಾಸ ಇದೆಯಲ್ಲ."