ಎಳೆದು ನೋಡಿದ ಕಂಬ

ಆ ಪರೀಕ್ಷಾಲಯದಲ್ಲಿ ಒತ್ತಿ ಮುರಿಯುವ ಯಂತ್ರ ಇರಲಿಲ್ಲ. ಎಳೆದು ಮುರಿಯುವುದೊಂದೇ ಇತ್ತು. ಅದರ ಮುಂದೆ ಅವಳು ಹದಿನಾಲ್ಕು ವರ್ಷ ಸವೆಸಿದ್ದಳು.

ಇವತ್ತಿನ ತುಂಡನ್ನು ತಂದವನು ಮೈದುನ. ಹ್ಯಾಂಗರಿನಲ್ಲಿ ಮೆಕ್ಯಾನಿಕ್. ವಿಮಾನದ ಸರಕು ಕೋಣೆಯ ನೆಲದಡಿ ಅಂಟು ಒಣಗಿಸುವ ದೀಪ ಹಚ್ಚಿಟ್ಟು, ಆರಿಸದೆ ಚಹಾಕ್ಕೆ ಹೋಗಿದ್ದ. ಒರೆಸುವ ಬಟ್ಟೆಗೆ ಬೆಂಕಿ ಹತ್ತಿ, ನೆಲವನ್ನು ಹೊರುವ ಹನ್ನೆರಡು ಕಂಬಗಳು ಕಮರಿದವು. ಲೋಹದವಲ್ಲ, ಕಾರ್ಬನ್ ನಾರನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಕೂರಿಸಿದವು. ಒಂದನ್ನು ಕತ್ತರಿಸಿ ಅವನ ಕೈಲಿ ಕಳಿಸಿದ್ದರು. ಅದು ಪಾಸಾದರೆ ಉಳಿದ ಹನ್ನೊಂದಕ್ಕೆ ಬಣ್ಣ ಬಳಿದು ಹಾಗೇ ಬಿಡುವುದು. ಇಲ್ಲದಿದ್ದರೆ ವಿಚಾರಣೆ, ಅವನ ಕೆಲಸಕ್ಕೆ ಸಂಚಕಾರ.

“ನಮ್ಮಣ್ಣನ ತಲೆಗಿಂತ ಗಟ್ಟಿ ಇದೆ ಅತ್ತಿಗೆ. ಎಳೀರಿ ನೀವು.”

ಎಳೆದಳು. ಹೊಸದು ತಾಳುವುದರಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ತಾಳಿಯೇ ಮುರಿಯಿತು. ಪಾಸಾಗಲು ಎಂಬತ್ತೈದು ಸಾಕಿತ್ತು. ಮೈದುನ ಖುಷಿಯಿಂದ ಮೇಜು ಕುಟ್ಟಿದ.

ಅವಳು ಉಳಿದ ಚೂರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಹಳೇ ಪುಸ್ತಕದ ಹಾಳೆಗಳಂತೆ ಪದರ ಬಿಟ್ಟುಕೊಂಡಿತು. ನಾರು ಸುಟ್ಟಿರಲಿಲ್ಲ, ಅಂಟು ಸುಟ್ಟಿತ್ತು.

“ಇದನ್ನ ಅಲ್ಲಿ ಎಳೆಯೋರು ಯಾರೋ? ಇದು ಭಾರ ಹೊತ್ಕೊಂಡು ನಿಲ್ಲೋ ಕಂಬ. ಹಗ್ಗಾನೂ ಎಳೆದ್ರೆ ಗಟ್ಟಿ ಇರತ್ತೆ, ನೆಟ್ಟಗೆ ನಿಲ್ಸಿ ನೋಡು. ಒತ್ತಿ ನೋಡೋ ಲ್ಯಾಬಿಗೆ ಕಳಿಸ್ತೀನಿ.”

“ಅದಕ್ಕೆ ಮೂರು ವಾರ ಆಗತ್ತೆ. ಅಷ್ಟರಲ್ಲಿ ನನ್ನ ಮನೆಗೆ ಕಳಿಸಿರ್ತಾರೆ. ಆಮೇಲೆ ನಿಮ್ಮನೇಲೇ ಬಂದು ಕೂತ್ಕೋತೀನಿ, ದಿನಾ ಬಡಿಸ್ತೀರಾ?”

“ಬಾಯ್ಮುಚ್ಚು.”

“ಫಾರಂನಲ್ಲಿ ಎಳೆದಿದ್ದು ಮಾತ್ರ ಕೇಳಿದಾರೆ ಅತ್ತಿಗೆ. ಕೇಳಿದ್ದಕ್ಕೆ ಬರೀರಿ.”

ನಗುತ್ತಲೇ ಹೇಳಿ, ಫಾರಂ ಅವಳ ಮುಂದೆ ಸರಿಸಿದ. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಕೆಲಸ ಸಿಕ್ಕಿದ ದಿನ ಮೊದಲು ಹೇಳಿದ್ದು ಅವಳಿಗೇ. ಫಾರಂನಲ್ಲಿ ಅಂಕಿ ತುಂಬಿದಳು. ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ‘ಷರಾ’ ಎಂದಿದ್ದ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಏನೂ ಬರೆಯದೆ ಗೆರೆ ಎಳೆದು ಸಹಿ ಹಾಕಿದಳು.

ಹೊಸ ಕಂಬ ಒಂದು ಬಂತು, ಹನ್ನೊಂದಕ್ಕೆ ಬಣ್ಣ ಬಿತ್ತು. ವಿಮಾನ ಹಾರಿತು, ಇಳಿಯಿತು, ಮತ್ತೆ ಹಾರಿತು. ಹದಿನೆಂಟನೆಯ ದಿನ ನಿಲ್ದಾಣದಲ್ಲಿ ಹಮಾಲಿಗಳು ಸರಕು ತುಂಬುತ್ತಿದ್ದಾಗ, ಎಲ್ಲೋ ಕೊಳವೆ ಸೋರುತ್ತಿದೆಯೆಂದು ಮೈದುನ ಆ ನೆಲದಡಿ ತೂರಿದ್ದ. ಮೇಲೆ ಭಾರದ ಪೆಟ್ಟಿಗೆಯೊಂದು ಬಂದು ಕೂತಿತು. ಕಂಬಗಳು ಮುರಿಯಲಿಲ್ಲ; ಪದರ ಪದರವಾಗಿ ಸೀಳಿ, ಮಡಚಿಕೊಂಡವು. ನೆಲ ಪೆಟ್ಟಿಗೆ ಸಮೇತ ಕುಸಿಯಿತು.

ಹೋದದ್ದು: ಮೂರು ಕಂಬ, ಒಬ್ಬ ಹಮಾಲಿಯ ಎಡಗಾಲು, ಒಬ್ಬ ಮೈದುನ.