ಫಾರಿನ್ ಮಷೀನು

"ಸ್ವಲ್ಪ ಓರೆ ಮಾಡಿ... ಹಾಂ, ಹಾಗೇ. ತಲೆ ಕಡೆ ಮೇಲೆತ್ತಿ!"

ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಸ್ಟ್ರೆಚರನ್ನು ನಾಲ್ವರು ಗಂಡಸರು ಏದುಸಿರು ಬಿಡುತ್ತ ಕೆಳಗಿಳಿಸಿದರು. ಮೇಲಿನ ಮನೆಯಲ್ಲಿ ಬಂದವರಿಗೆ ನಿಲ್ಲಲೂ ಜಾಗವಿರಲಿಲ್ಲ. ಅದಕ್ಕೇ ರಾತ್ರಿ ತೀರಿಕೊಂಡ ಕ್ಯಾಮೆರಾ ಮಾಮನನ್ನು ಕೆಳಗೆ, ಅವರ ಕ್ಯಾಮೆರಾ ರಿಪೇರಿ ಅಂಗಡಿಯಲ್ಲೇ ಮಲಗಿಸುವುದೆಂದು ತೀರ್ಮಾನವಾಗಿತ್ತು. ಮೂವತ್ತೆಂಟು ವರ್ಷ ಅವರು ಬಗ್ಗಿ ಕೂತು ಕೆಲಸ ಮಾಡಿದ್ದ ಮೇಜನ್ನು ಯಾರೋ ಗೋಡೆಗೆ ತಳ್ಳಿದ್ದರು.

ನರ್ಸ್ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅಲ್ಲಿ ಅವಳಿಗೆ ಗುರುತಿದ್ದವರು ಇಬ್ಬರೇ: ಮಲಗಿದ್ದ ಮಾಮ, ಈಗ ಅವರ ಪಕ್ಕ ಬಂದು ಕೂತ ಹೆಂಡತಿ.

ಮಾಮನ ಅಣ್ಣ ಹತ್ತಿರ ಬಂದರು. "ನೀವು ಯಾರಮ್ಮ? ಗುರುತು ಸಿಗಲಿಲ್ಲ."

"ಒಂದು ಸಲ ಇವರ ಹತ್ರ ರಿಪೇರಿಗೆ ಕೊಟ್ಟಿದ್ದೆ."

"ಕ್ಯಾಮೆರಾನಾ?"

"ಹ್ಞೂಂ... ಒಂಥರಾ."

ಅಣ್ಣ ನಿಟ್ಟುಸಿರು ಬಿಟ್ಟರು. "ಎಲ್ಲರ ಜೇಬಲ್ಲೂ ಫೋನ್ ಬಂದಮೇಲೆ ಇವನನ್ನ ಯಾರು ಕೇಳ್ತಾರೆ? ಅಂಗಡಿ ಮುಚ್ಚೋ ಅಂತ ಹೇಳಿ ಹೇಳಿ ಸಾಕಾಯ್ತು. ಬೆಳಗಾದ್ರೆ ಬಾಗಿಲು ತೆಗೆದು ಸುಮ್ನೆ ಕೂರೋನು. ಜೀವನಪೂರ್ತಿ ಧೂಳು ಒರೆಸಿದ್ದೇ ಬಂತು, ಪಾಪ."

ಹೆಂಡತಿ ತಲೆ ಎತ್ತಲಿಲ್ಲ. ನರ್ಸಿಗೆ ಆ 'ಪಾಪ' ಚುಚ್ಚಿತು.

*

ಏಳು ವರ್ಷದ ಹಿಂದೆ ಅವಳು ಆಸ್ಪತ್ರೆಯ ಕೆಟ್ಟ ಮಷೀನೊಂದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಇದೇ ಅಂಗಡಿಗೆ ತಂದಿದ್ದಳು. ಎರಡೂ ಕಣ್ಣಿಟ್ಟು ನೋಡುವ ದುರ್ಬೀನಿನಂಥ ತಲೆ, ಅದಕ್ಕೊಂದು ದೀಪ. ಕಂಪನಿಯವರು ಬಂದು ನೋಡಲು ಎಂಟು ತಿಂಗಳಾಗುತ್ತದೆ ಎಂದಿದ್ದರು. ಅಲ್ಲಿಯವರೆಗೆ ಪರೀಕ್ಷೆಗೆ ಬಂದ ಹೆಂಗಸರನ್ನೆಲ್ಲ ವಾಪಸ್ಸು ಕಳಿಸಬೇಕಿತ್ತು.

ಮಾಮ ಟಾರ್ಚ್ ಬಿಟ್ಟು ನೋಡಿದರು. "ಲೆನ್ಸಿಗೆ ಬೂಷ್ಟು ಹಿಡಿದಿದೆಯಲ್ಲಮ್ಮ! ಈ ಹಸಿರು ಗಾಜೂ ಒಡೆದಿದೆ. ಇದರಲ್ಲಿ ಏನು ನೋಡ್ತೀರಿ?"

ನರ್ಸ್ ತಡವರಿಸಿದಳು. "ಗರ್ಭಕೋಶದ ಬಾಯಿ. ಅಲ್ಲಿ ಕ್ಯಾನ್ಸರ್ ಶುರುವಾಗೋ ಮುಂಚೇನೇ ಗುರುತು ಕಾಣುತ್ತೆ. ಔಷಧಿ ಹಚ್ಚಿದ್ರೆ ಅನುಮಾನದ ಜಾಗ ಬೆಳ್ಳಗಾಗುತ್ತೆ. ಹಸಿರು ಬೆಳಕಲ್ಲಿ ರಕ್ತನಾಳ ಕಪ್ಪಗೆ ಎದ್ದು ಕಾಣುತ್ತೆ."

ಮಾಮ ನಾಚಲಿಲ್ಲ, ನಗಲೂ ಇಲ್ಲ. "ಎಷ್ಟು ದೂರದಿಂದ ನೋಡ್ತೀರಿ?"

"ಒಂದಡಿ."

ಹನ್ನೊಂದು ದಿನ ಹಿಡಿಯಿತು. ಕಪ್ಪು-ಬಿಳುಪು ಫೋಟೋ ಕಾಲದ ಹಸಿರು ಗಾಜೊಂದನ್ನು ಎಲ್ಲಿಂದಲೋ ಹುಡುಕಿ, ಅಳತೆಗೆ ಕತ್ತರಿಸಿ ಕೂರಿಸಿದ್ದರು. "ಸರಿಯಾಗಿದೆಯೋ ಇಲ್ಲವೋ ಈಗಲೇ ನೋಡಿಬಿಡಿ" ಎನ್ನುತ್ತ ಕುರ್ಚಿಯಲ್ಲಿ ಕೂತು, ತಮ್ಮ ಕೆಳತುಟಿಯನ್ನೇ ಎರಡು ಬೆರಳಲ್ಲಿ ಮಡಚಿ ಹಿಡಿದರು. ನರ್ಸ್ ಕಣ್ಣಿಟ್ಟಳು. ತುಟಿಯ ಒಳಮೈಯ ಎಳೆ ಎಳೆ ನಾಳವೂ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಗೀಚಿದಂತೆ ಕಂಡಿತು.

"ಕಾಣ್ತಿದೆ ಮಾಮ!"

ತುಟಿ ಬಿಡದೆಯೇ ಅವರು ಏನೋ ಕೇಳಿದರು. ಒಂದಕ್ಷರವೂ ಅರ್ಥವಾಗದೆ ಅವಳಿಗೆ ನಗು ಬಂತು, ಅವರೂ ನಕ್ಕರು. ಆಮೇಲೆ ತುಟಿ ಒರೆಸಿಕೊಂಡು ಮೆಲ್ಲಗೆ ಕೇಳಿದರು.

"ನನ್ನ ಹೆಂಡತೀನೂ ಬರಬಹುದಾ? ಅವಳಕ್ಕ ಇದರಲ್ಲೇ ಹೋದಳು. ಗೊತ್ತಾಗೋ ಹೊತ್ತಿಗೆ ಕೈ ಮೀರಿತ್ತು. ಆದ್ರೆ ಇದನ್ನ ರಿಪೇರಿ ಮಾಡಿದ್ದು ನಾನು ಅಂತ ಮಾತ್ರ ಹೇಳಬೇಡಿ. ಮನೆ ಮಿಕ್ಸಿ ಮೂರು ಸಲ ಬಿಚ್ಚಿದೀನಿ, ಮೂರು ಸಲವೂ ಹೊಸದು ತರಬೇಕಾಯ್ತು. ನನ್ನ ಕೈಕೆಲಸ ಅಂದ್ರೆ ಆ ಕಡೆ ತಲೇನೂ ಹಾಕಲ್ಲ. ಫಾರಿನ್‌ನಿಂದ ಹೊಸ ಮಷೀನು ಬಂದಿದೆ ಅಂತೀನಿ."

ಹೆಂಡತಿ ಬಂದರು. ಹಸಿರು ಬೆಳಕಿನಲ್ಲಿ ಕಂಡದ್ದು ಕಾಳಿನಷ್ಟು ಬಿಳಿ ಮಚ್ಚೆ, ಅದರೊಳಗೆ ನಾಳಗಳ ಬಲೆ. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ಆ ಭಾಗವನ್ನಷ್ಟೇ ತೆಗೆದ ದಿನ ಸಂಜೆ ಅವರು ಗಂಡನ ಜೊತೆ ಮನೆಗೆ ನಡೆದುಕೊಂಡೇ ಹೋಗಿದ್ದರು.

*

"ಸಿಸ್ಟರ್, ನೀವಾ?" ಹೆಂಡತಿ ಈಗ ಗುರುತು ಹಿಡಿದು ಅವಳನ್ನು ಪಕ್ಕಕ್ಕೆ ಕರೆದುಕೊಂಡರು. ದನಿ ತಗ್ಗಿಸಿದರು. "ಅವತ್ತು ಆ ಫಾರಿನ್ ಮಷೀನು ಇಲ್ಲದಿದ್ರೆ ನಾನು ಇವರಿಗಿಂತ ಮುಂಚೆ ಹೋಗ್ತಿದ್ದೆ. ಅದ್ಸರಿ, ನೀವು ಇವರ ಹತ್ರ ಏನು ರಿಪೇರಿ ಮಾಡಿಸಿದ್ರಿ?"

ನರ್ಸ್ ಮಾಮನ ಮುಖ ನೋಡಿದಳು. ಮಾತು ಕೊಟ್ಟಿದ್ದಳು. ಏಳು ವರ್ಷ ಉಳಿಸಿಕೊಂಡೂ ಇದ್ದಳು. ಆದರೆ ಇನ್ನು ಸ್ವಲ್ಪ ಹೊತ್ತಿಗೆ ಗಾಡಿ ಬರುತ್ತದೆ, ಧೂಳು ಒರೆಸಿದವನು ಎಂಬ ಮಾತಷ್ಟೇ ಇಲ್ಲಿ ಉಳಿಯುತ್ತದೆ. ಅವಳು ಬಗ್ಗಿ ಹೆಂಡತಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು, ತುಟಿ ಮಡಚಿ ಕೂತದ್ದನ್ನೂ.

ಹೆಂಡತಿ ಗೋಡೆಗೆ ತಳ್ಳಿದ್ದ ಮೇಜಿನ ಕಡೆ ತಿರುಗಿ ನೋಡಿದರು.

"ಅದು ಈಗಲೂ ನಡೀತಿದೆಯಾ?"

"ನಿನ್ನೆ ಒಂಬತ್ತು ಜನರನ್ನ ನೋಡಿದೆ."

ಬೆಳಗಿನಿಂದ ಕಣ್ಣೀರು ಹಾಕದಿದ್ದ ಆಕೆ ಒಮ್ಮೆಲೇ ಜೋರಾಗಿ ನಕ್ಕುಬಿಟ್ಟರು. ಅಂಗಡಿ ತುಂಬ ಇದ್ದವರು ಬೆಚ್ಚಿ ತಿರುಗಿದರು. "ನೀರು ತನ್ನಿ, ನೀರು!" ಎಂದು ಅಣ್ಣ ಗಾಬರಿಯಾದರು.

"ನೀರು ಬೇಡ ಭಾವ." ನಗುವಿನ ಮಧ್ಯೆಯೇ ಕಣ್ಣು ತುಂಬಿ ಹರಿಯತೊಡಗಿತ್ತು. "ನಿಮ್ಮ ತಮ್ಮ ಸುಮ್ನೆ ಕೂತಿರಲಿಲ್ಲ."

ಹೊರಗೆ ಗಾಡಿ ಬಂದು ನಿಂತಿತು. ನಾಲ್ವರು ಗಂಡಸರು ಮತ್ತೆ ಮುಂದೆ ಬಂದರು, ಬಂದು ಅಲ್ಲೇ ನಿಂತರು. ಹೆಂಡತಿ ಗಂಡನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈ ಮೇಲಾಗಿ ಬಾಗಿಲ ಬೆಳಕಿಗೆ ತಿರುಗಿಸಿ, ಮುಖ ಹತ್ತಿರ ತಂದು, ಒಂದೊಂದೇ ಬೆರಳನ್ನು ನೋಡುತ್ತಿದ್ದರು.